ಹಳೆಯ ಸೋಂಕು ಮುಂದೆ ಅಂಡಾಶಯದ ಕ್ಯಾನ್ಸರ್ ಆಗುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಊರು ಕುಮಟಾ ಹತ್ತಿರ. 19 ವರ್ಷದ ಹಿಂದೆ ಮಗಳು ಹುಟ್ಟಿದ ಮೇಲೆ ಕಾಪರ್-ಟಿ ಹಾಕಿಸಿಕೊಂಡಿದ್ದೆ. ಹದಿನೈದು ದಿನಕ್ಕೆ ಜ್ವರ, ಕಿಬ್ಬೊಟ್ಟೆ ನೋವು ಶುರುವಾಯಿತು. ಗರ್ಭಕೋಶಕ್ಕೆ ಸೋಂಕಾಗಿದೆ, ಟ್ಯೂಬಿನಲ್ಲಿ ಕೀವು ಇದೆ ಎಂದು ಎಂಟು ದಿನ ಅಡ್ಮಿಟ್ ಮಾಡಿದ್ದರು. ಆಮೇಲೆ ಮಗನೂ ಹುಟ್ಟಿದ, ಮಕ್ಕಳಾಗದ ಆಪರೇಷನ್ನೂ ಆಯಿತು. ಈಗಲೂ ಮುಟ್ಟಿನ ಮುಂಚೆ ಬಲಗಡೆ ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತದೆ. ಹೋದ ತಿಂಗಳು ಸ್ಕ್ಯಾನಿಂಗ್ ಮಾಡಿಸಿದಾಗ ಬಲ ಟ್ಯೂಬಿನಲ್ಲಿ ನೀರು ತುಂಬಿದೆ ಎಂದು ಬಂತು. ಹಿಂದೆ ಸೋಂಕಾದವರಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿದ ಮೇಲೆ ನಿದ್ದೆಯೇ ಇಲ್ಲ. ಗರ್ಭಕೋಶ, ಅಂಡಾಶಯ ಎಲ್ಲ ಒಟ್ಟಿಗೆ ತೆಗೆಸಿಬಿಡಲಾ? ವರ್ಷಕ್ಕೊಮ್ಮೆ ಸಿಎ-125 ರಕ್ತ ಪರೀಕ್ಷೆ ಮಾಡಿಸಲಾ? ಯಜಮಾನರ ಹತ್ತಿರ ಮಾತಾಡಲೂ ಸಂಕೋಚ. ನಮ್ಮ ಚಿಕ್ಕಮ್ಮನಿಗೆ, ಅಂದರೆ ಅಮ್ಮನ ತಂಗಿಗೆ, ಇದೇ ಕಾಯಿಲೆಗೆ ಹುಬ್ಬಳ್ಳಿಯಲ್ಲಿ ಕೀಮೋ ನಡೆಯುತ್ತಿದೆ. ಅಮ್ಮನ ಅಮ್ಮ ಎದೆಯ ಗಂಟಿನಿಂದ ತೀರಿಕೊಂಡರಂತೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಸೋಂಕಿನ ಬಗ್ಗೆ. ನನ್ನ ಕಣ್ಣು ಹೋಗಿ ನಿಂತಿದ್ದು ಕೊನೆಯ ಎರಡು ಸಾಲಿನ ಮೇಲೆ, ಚಿಕ್ಕಮ್ಮ ಮತ್ತು ಅಜ್ಜಿಯ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿದ ವಿಷಯ ಮಾತಾಡೋಣ.

ಹಳೆಯ ಸೋಂಕಿಗೂ ಅಂಡಾಶಯದ ಕ್ಯಾನ್ಸರಿಗೂ ನಂಟು ಇರಬಹುದು. ಇದ್ದರೂ ಅದು ಸಣ್ಣದು. ಆ ಒಂದು ಕಾರಣಕ್ಕೆ ಗರ್ಭಕೋಶ, ಅಂಡಾಶಯ ತೆಗೆಸಬಾರದು. ವರ್ಷಕ್ಕೊಮ್ಮೆ ಸಿಎ-125 ಮಾಡಿಸುವುದರಿಂದಲೂ ನಿಮಗೆ ಲಾಭವಿಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮಗೆ ಆಗ ಆಗಿದ್ದಕ್ಕೆ ಡಾಕ್ಟರುಗಳು ಪಿಐಡಿ ಎನ್ನುತ್ತಾರೆ. ಯೋನಿಯಲ್ಲೋ ಗರ್ಭಕೋಶದ ಬಾಯಲ್ಲೋ ಇದ್ದ ರೋಗಾಣು ಮೇಲಕ್ಕೆ ಹತ್ತುತ್ತದೆ. ಗರ್ಭಕೋಶ ದಾಟಿ ಟ್ಯೂಬಿಗೆ, ಅಲ್ಲಿಂದ ಅಂಡಾಶಯದ ತನಕ ಹೋಗುತ್ತದೆ. ಕ್ಲಮೀಡಿಯಾ, ಗೊನೋರಿಯಾದಂತಹ ಲೈಂಗಿಕ ಸೋಂಕಿನಿಂದ ಇದು ಬರುವುದುಂಟು. ಹೆರಿಗೆ, ಗರ್ಭಪಾತ ಆದ ಮೇಲೂ ಬರುತ್ತದೆ. ಕಾಪರ್-ಟಿ ಹಾಕಿದ ಮೊದಲ ಮೂರು ವಾರದಲ್ಲಿಯೂ ಈ ಅಪಾಯ ತುಸು ಜಾಸ್ತಿ. ಆಮೇಲೆ ಇಳಿದುಬಿಡುತ್ತದೆ. ನಿಮಗೆ ಬಂದಿದ್ದು ಹದಿನೈದನೇ ದಿನ. ಸಂಕೋಚ ಎಂದು ಬರೆದಿದ್ದೀರಿ. ಸಂಕೋಚ ಪಡುವಂತಹ ತಪ್ಪು ನೀವೂ ಮಾಡಿಲ್ಲ, ನಿಮ್ಮ ಯಜಮಾನರೂ ಮಾಡಿದ್ದಾರೆ ಅಂತ ಅಂದುಕೊಳ್ಳಲು ಕಾರಣವಿಲ್ಲ. ನೆಗಡಿ, ಗಾಯದ ಕೀವು ಹೇಗೋ ಇದೂ ಹಾಗೇ ಒಂದು ಸೋಂಕು. ಅವರ ಹತ್ತಿರ ಮಾತಾಡಿ.

ಈಗ ಕ್ಯಾನ್ಸರಿನ ಮಾತು. ನಮ್ಮ ಹೊಟ್ಟೆಯಲ್ಲಿ ಗರ್ಭಕೋಶದ ಎರಡೂ ಪಕ್ಕದಿಂದ ಒಂದೊಂದು ಟ್ಯೂಬ್ ಹೊರಡುತ್ತದೆ. ಹತ್ತು-ಹನ್ನೆರಡು ಸೆಂಟಿಮೀಟರ್ ಉದ್ದ. ಅದರ ತುದಿ ಸೀರೆಯ ಕುಚ್ಚಿನ ಹಾಗೆ ಬಿಡಿಬಿಡಿಯಾಗಿ ಅಂಡಾಶಯದ ಮೇಲೆ ಹರಡಿಕೊಂಡಿರುತ್ತದೆ. ಅಂಡಾಣು ಹೊರಬಿದ್ದ ಕೂಡಲೇ ಹಿಡಿದುಕೊಳ್ಳಲು ಈ ಏರ್ಪಾಡು. ನಾನು ಮೆಡಿಕಲ್ ಓದುವಾಗ ಅಂಡಾಶಯದ ಕ್ಯಾನ್ಸರ್ ಅಂಡಾಶಯದಲ್ಲೇ ಹುಟ್ಟುತ್ತದೆ ಎಂದು ಕಲಿಸಿದ್ದರು. ಆಗ ಅದೇ ತಿಳಿವಳಿಕೆ ಇತ್ತು. 2001ರ ಹೊತ್ತಿಗೆ ನೆದರ್ಲೆಂಡ್ಸ್‌ನ ವೈದ್ಯರು, ಮನೆತನದಲ್ಲೇ ಈ ಕ್ಯಾನ್ಸರ್ ಇದ್ದ ಹೆಂಗಸರ ಟ್ಯೂಬುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ಯಾನ್ಸರಿನ ಮೊಳಕೆ ಟ್ಯೂಬಿನಲ್ಲೇ ಇತ್ತು. ಈಗ ಒಪ್ಪಿರುವ ಮಾತೇನೆಂದರೆ, ತುಂಬಾ ಜನರಲ್ಲಿ ಕಾಣುವ, ಬೇಗ ಹರಡುವ ಹೈ ಗ್ರೇಡ್ ಸೀರಸ್ ಎನ್ನುವ ಬಗೆ ಹೆಚ್ಚಾಗಿ ಟ್ಯೂಬಿನ ಆ ಕುಚ್ಚಿನಲ್ಲಿ ಶುರುವಾಗಿ ಅಂಡಾಶಯಕ್ಕೆ ಉದುರುತ್ತದೆ.

ಹಾಗಾದರೆ ಸೋಂಕು ಕೂರುವ ಜಾಗವೂ ಟ್ಯೂಬೇ ಅಲ್ವಾ? ಸಂಶೋಧಕರಿಗೂ ಇದೇ ಅನುಮಾನ ಬಂತು. ಸೋಂಕಾದಾಗ ದೇಹ ರೋಗಾಣುವಿನ ಮೇಲೆ ಬೆಂಕಿ ಕಾರುತ್ತದೆ. ಊತ, ಕೆಂಪು, ಕೀವು ಎಲ್ಲ ಅದರದ್ದೇ ಗುರುತು. ಆ ಜಗಳದಲ್ಲಿ ಟ್ಯೂಬಿನ ಒಳಪದರದ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ಸತ್ತ ಕೋಶಗಳ ಜಾಗಕ್ಕೆ ಹೊಸವು ಹುಟ್ಟಬೇಕು. ಮತ್ತೆ ಮತ್ತೆ ಹುಟ್ಟುವಾಗ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳಬಹುದು. ಒಂದು ಸಲದ ಸೋಂಕು ವಾಸಿಯಾದರೆ ಈ ಕೆಲಸವೂ ನಿಲ್ಲುತ್ತದೆ. ಪದೇ ಪದೇ ಬಂದರೆ, ಇಲ್ಲವೇ ಒಳಗೇ ಹೊಗೆಯಾಡುತ್ತಾ ಉಳಿದರೆ ಚಿಂತೆ ಜಾಸ್ತಿ. ಹೆಪಟೈಟಿಸ್-ಬಿ ವರ್ಷಗಟ್ಟಲೆ ಉಳಿದರೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ಹೊಟ್ಟೆಯ ಎಚ್. ಪೈಲೋರಿ ಸೋಂಕು ಜಠರದ ಕ್ಯಾನ್ಸರಿಗೆ ದಾರಿ ಮಾಡಬಹುದು. ಅವೆರಡೂ ಗಟ್ಟಿಯಾಗಿ ಸಾಬೀತಾಗಿವೆ. ಪಿಐಡಿ ವಿಷಯ ಅಷ್ಟು ಗಟ್ಟಿಯಾಗಿಲ್ಲ.

ಏನು ಗೊತ್ತಾಗಿದೆ ನೋಡಿ. ತೈವಾನಿನ ಆರೋಗ್ಯ ವಿಮೆಯ ದಾಖಲೆಗಳನ್ನು ಇಟ್ಟುಕೊಂಡು ಪಿಐಡಿ ಆಗಿದ್ದ 67 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಅಲ್ಲಿನ ಸಂಶೋಧಕರು ಗಮನಿಸಿದರು. ಫಲಿತಾಂಶ 2011ರಲ್ಲಿ ಹೊರಬಂತು. ಸೋಂಕಾಗದವರಿಗಿಂತ ಇವರಲ್ಲಿ ಅಂಡಾಶಯದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಐದು ಸಲ ಇಲ್ಲವೇ ಅದಕ್ಕಿಂತ ಹೆಚ್ಚು ಸೋಂಕಾದವರಲ್ಲಿ ಇನ್ನೂ ಜಾಸ್ತಿ. ನೀವು ಮೊಬೈಲಿನಲ್ಲಿ ಓದಿದ್ದು ಇದರ ಸುದ್ದಿಯೇ ಇರಬೇಕು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2017ರಲ್ಲಿ ಬೇರೆ ಬೇರೆ ಕಡೆಯ 13 ಅಧ್ಯಯನಗಳ ಮಾಹಿತಿಯನ್ನು ಒಂದೇ ರಾಶಿ ಮಾಡಿ ಲೆಕ್ಕ ಹಾಕಿದರು. ಹರಡುವ ಬಗೆಯ ಕ್ಯಾನ್ಸರಿಗೂ ಹಳೆಯ ಪಿಐಡಿಗೂ ಒಟ್ಟಾರೆ ನಂಟೇ ಕಾಣಲಿಲ್ಲ. ಬಾರ್ಡರ್‌ಲೈನ್ ಗಡ್ಡೆ ಎನ್ನುವ ಸೌಮ್ಯ ಬಗೆಯ ಜೊತೆ ಮಾತ್ರ ನಂಟು ಕಂಡಿತು. ಅದು ಹೆಚ್ಚಿನವರಲ್ಲಿ ಆಪರೇಷನ್‌ನಿಂದಲೇ ವಾಸಿಯಾಗುವಂಥದ್ದು. ಅದೇ ವರ್ಷ ಇನ್ನೊಂದು ಗುಂಪು ಪ್ರಕಟವಾದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಅಪಾಯ ಸುಮಾರು ಕಾಲು ಭಾಗ ಹೆಚ್ಚು ಎಂದು ಬಂತು.

ಒಂದು ಕಡೆ ಎರಡು ಪಟ್ಟು, ಒಂದು ಕಡೆ ಕಾಲು ಭಾಗ, ಒಂದು ಕಡೆ ಏನೂ ಇಲ್ಲ. ಯಾರೋ ಸುಳ್ಳು ಹೇಳಿದ್ದಾರೆ ಅಂತಲ್ಲ. ಇಂತಹ ಲೆಕ್ಕದಲ್ಲಿ ಎಡವುವ ಜಾಗಗಳು ಬಹಳ. ಸೋಂಕಿನಿಂದ ಟ್ಯೂಬ್ ಮುಚ್ಚಿದವರಿಗೆ ಮಕ್ಕಳಾಗುವುದು ಕಷ್ಟ. ಮಕ್ಕಳೇ ಆಗದವರಲ್ಲಿ ಈ ಕ್ಯಾನ್ಸರ್ ಹೇಗೂ ತುಸು ಹೆಚ್ಚು. ಹಾಗಾದರೆ ಕಾರಣ ಸೋಂಕೋ, ಬಸಿರಾಗದಿದ್ದದ್ದೋ? ಇನ್ನೊಂದು ಇದೆ. ಕಿಬ್ಬೊಟ್ಟೆ ನೋವು ಎಂದು ಬಂದ ಎಷ್ಟೋ ಜನರಿಗೆ ಪರೀಕ್ಷೆ ಇಲ್ಲದೆ ಸೋಂಕು ಎಂದೇ ಬರೆಯುತ್ತಾರೆ. ಅದರಲ್ಲಿ ಕೆಲವರಿಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಇರಬಹುದು. ಇನ್ನು ಕೆಲವರಿಗೆ ಆಗಲೇ ಶುರುವಾಗಿದ್ದ ಕ್ಯಾನ್ಸರೇ ಇರಬಹುದು. ಆಗ ಸೋಂಕಿನಿಂದ ಕ್ಯಾನ್ಸರ್ ಬಂತು ಎಂದು ಲೆಕ್ಕದಲ್ಲಿ ಕಾಣುತ್ತದೆ. ನಿಜದಲ್ಲಿ ಕ್ಯಾನ್ಸರನ್ನೇ ಸೋಂಕು ಎಂದು ಬರೆದಿರುತ್ತಾರೆ.

ಕೆಟ್ಟ ಲೆಕ್ಕವನ್ನೇ ನಂಬೋಣ. ಸಾವಿರ ಹೆಂಗಸರು ಸೇರಿದ ಒಂದು ದೊಡ್ಡ ಮದುವೆ ಮನೆ ಎಂದುಕೊಳ್ಳಿ. ಸುಲಭಕ್ಕೆ, ಇವರಲ್ಲಿ ಹತ್ತು ಜನರಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುತ್ತದೆ ಎಂದು ಇಟ್ಟುಕೊಳ್ಳಿ. ಅಮೆರಿಕದಂತಹ ದೇಶದಲ್ಲಿ ಹೆಚ್ಚುಕಡಿಮೆ ಇಷ್ಟಿದೆ, ನಮ್ಮಲ್ಲಿ ಇದಕ್ಕಿಂತ ಕಡಿಮೆ. ಈ ಸಾವಿರ ಜನರಿಗೂ ಹಿಂದೆ ಪಿಐಡಿ ಆಗಿತ್ತು, ಅಪಾಯ ಕಾಲು ಭಾಗ ಏರುತ್ತದೆ ಎಂದರೆ ಹತ್ತು ಹೋಗಿ ಹನ್ನೆರಡೋ ಹದಿಮೂರೋ ಆಗುತ್ತದೆ. ತೈವಾನಿನ ಲೆಕ್ಕದಂತೆ ಎರಡು ಪಟ್ಟು ಎಂದರೂ ಇಪ್ಪತ್ತು. ಉಳಿದ 980 ಜನ ಈ ಕಾಯಿಲೆ ಕಾಣದೆ ಬದುಕು ಮುಗಿಸುತ್ತಾರೆ. ಎರಡು ಪಟ್ಟು ಎಂಬ ಮಾತು ಕೇಳಿದಾಗ ಎದೆ ಧಸಕ್ ಎನ್ನುತ್ತದೆ. ಯಾವುದರ ಎರಡು ಪಟ್ಟು ಎಂದು ಕೇಳಿದಾಗ ಉಸಿರು ಮರಳುತ್ತದೆ.

ನಿಮ್ಮ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಎರಡು ಬಸಿರು, ಎರಡು ಹೆರಿಗೆ. ಒಂದೊಂದು ಬಸಿರೂ ಈ ಕ್ಯಾನ್ಸರಿನ ಅಪಾಯ ಇಳಿಸುತ್ತದೆ. ಎದೆಹಾಲು ಕುಡಿಸಿದ ತಿಂಗಳುಗಳೂ ಇಳಿಸುತ್ತವೆ. ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದೀರಿ. ಟ್ಯೂಬ್ ಕಟ್ಟಿದವರಲ್ಲಿ ಈ ಕ್ಯಾನ್ಸರ್ ಸುಮಾರು ಕಾಲು ಭಾಗ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ನಮ್ಮ ರಾಜ್ಯದ ಅರ್ಧಕ್ಕೂ ಹೆಚ್ಚು ಮದುವೆಯಾದ ಹೆಂಗಸರು ಈ ಆಪರೇಷನ್ ಮಾಡಿಸಿಕೊಂಡವರು. ಅದಕ್ಕೆ ಇಂತಹದ್ದೊಂದು ಲಾಭವಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನಿಮ್ಮ ಹಳೆಯ ಸೋಂಕು ಏರಿಸಿರಬಹುದಾದಷ್ಟನ್ನು ಇವೇ ಇಳಿಸಿರಬಹುದು.

ಸ್ಕ್ಯಾನಿಂಗ್‌ನಲ್ಲಿ ಕಂಡ ನೀರಿನ ಬಗ್ಗೆ. ಸೋಂಕು ವಾಸಿಯಾದ ಮೇಲೆ ಟ್ಯೂಬಿನ ತುದಿ ಅಂಟಿಕೊಂಡು ಮುಚ್ಚಿದರೆ ಒಳಗಿನ ದ್ರವ ಹೊರಬರಲು ದಾರಿಯಿಲ್ಲದೆ ತುಂಬಿಕೊಳ್ಳುತ್ತದೆ. ಹೈಡ್ರೋಸಾಲ್ಪಿಂಕ್ಸ್ ಎಂದು ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಇದು ಹಳೆಯ ಗಾಯದ ಕಲೆ, ಕ್ಯಾನ್ಸರ್ ಅಲ್ಲ. ಆದರೂ ಒಂದು ಕೆಲಸ ಮಾಡಿ. ಎರಡು-ಮೂರು ತಿಂಗಳು ಬಿಟ್ಟು, ಮುಟ್ಟು ನಿಂತ ವಾರದಲ್ಲಿ, ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಒಮ್ಮೆ ಮಾಡಿಸಿ. ಒಳಗೆ ಬರೀ ನೀರೇ, ಗಟ್ಟಿ ಭಾಗವೇನಾದರೂ ಇದೆಯೇ, ಬೆಳೆದಿದೆಯೇ ಎಂದು ಗೊತ್ತಾದರೆ ಸಾಕು. ಮುಟ್ಟಿನ ಮುಂಚೆ ಹಿಡಿಯುವ ನೋವಿಗೆ ಹಳೆಯ ಸೋಂಕಿನಿಂದಾದ ಅಂಟುಗಳು ಕಾರಣವಿರಬಹುದು. ಎಂಡೊಮೆಟ್ರಿಯೋಸಿಸ್ ಇದೆಯೇ ಎಂದೂ ನೋಡಿಸಬೇಕು. ಯಾಕೆಂದರೆ ಅಂಡಾಶಯದ ಕೆಲವು ಬಗೆಯ ಕ್ಯಾನ್ಸರಿನ ಜೊತೆ ಅದರ ನಂಟು ಪಿಐಡಿಗಿಂತ ಸ್ಪಷ್ಟವಾಗಿದೆ.

ಈಗ ಸಿಎ-125, ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನಿನ ಅಳತೆ. ಈ ಪರೀಕ್ಷೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಕಾಯಿಲೆ ಇದೆ ಎಂದು ಗೊತ್ತಾದವರಲ್ಲಿ ಕೀಮೋ ಹಿಡಿಯುತ್ತಿದೆಯೇ ಎಂದು ನೋಡಲು ಇದು ಒಳ್ಳೆಯದು. ನಿಮ್ಮ ಚಿಕ್ಕಮ್ಮನಿಗೆ ಬೇಕೇ ಬೇಕು. ಏನೂ ತೊಂದರೆ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಇದು ಒದಗುವುದಿಲ್ಲ. ಇಂಗ್ಲೆಂಡ್ ಕಡೆ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿಗೆ ಪ್ರತಿ ವರ್ಷ ಸಿಎ-125, ಇನ್ನೊಂದಕ್ಕೆ ಪ್ರತಿ ವರ್ಷ ಸ್ಕ್ಯಾನಿಂಗ್, ಮೂರನೆಯದಕ್ಕೆ ಏನೂ ಇಲ್ಲ. 2021ರಲ್ಲಿ ಕೊನೆಯ ಲೆಕ್ಕ ಬಂದಾಗ ಸಾವಿನ ಸಂಖ್ಯೆ ಯಾವ ಗುಂಪಿನಲ್ಲೂ ಇಳಿದಿರಲಿಲ್ಲ. ಅಷ್ಟು ವರ್ಷ, ಅಷ್ಟು ಜನ, ಅಷ್ಟು ಖರ್ಚು ಮಾಡಿ ಕಂಡುಕೊಂಡ ಸತ್ಯ ಇದು. ನಮ್ಮಲ್ಲಿ ಮಾತ್ರ ಇದನ್ನು ಹೆಲ್ತ್ ಪ್ಯಾಕೇಜಿಗೆ ಸೇರಿಸಿ ಮಾರುತ್ತಾರೆ.

ಸಿಎ-125 ಅಂಕಿ 35ರ ಒಳಗೆ ಇರಬೇಕು ಎಂದು ರಿಪೋರ್ಟಿನಲ್ಲಿ ಇರುತ್ತದೆ. ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸಿರಿನಲ್ಲಿ ಏರುತ್ತದೆ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೆ, ಎಂಡೊಮೆಟ್ರಿಯೋಸಿಸ್ ಇದ್ದರೆ, ಯಕೃತ್ತಿನ ಕಾಯಿಲೆ ಇದ್ದರೆ ಏರುತ್ತದೆ. ಪಿಐಡಿ ಇದ್ದರೂ ಏರುತ್ತದೆ! ನಿಮ್ಮಂತಹವರಿಗೆ 60 ಎಂದು ಬಂದರೆ ಆಮೇಲೆ ಆರು ತಿಂಗಳು ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ. ಎಂಆರ್‌ಐ, ಮತ್ತೆ ರಕ್ತ, ಮತ್ತೆ ಘಟ್ಟ ಹತ್ತಿ ಹುಬ್ಬಳ್ಳಿ. 20 ಎಂದು ಬಂದರೆ ಅದೂ ನಂಬಿಕೆಗೆ ಅರ್ಹವಲ್ಲ. ಮೊದಲ ಹಂತದ ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ ಇದು ಏರಿರುವುದೇ ಇಲ್ಲ.

ಅಂಕೋಲಾ ಕಡೆಯ ಒಬ್ಬ ಹೆಂಗಸನ್ನು ನಾನು ಮರೆಯಲಾರೆ. ಮೂವತ್ತೆಂಟು ವರ್ಷ. ಮೀನು ಮಾರಿ ಮನೆ ನಡೆಸುತ್ತಿದ್ದರು. ಹೊಟ್ಟೆ ತುಂಬ ನೀರು, ತೂಕ ಇಳಿದಿತ್ತು, ಸಿಎ-125 ಆರುನೂರರ ಮೇಲೆ. ಮನೆಯವರು ಆಸೆ ಬಿಟ್ಟಿದ್ದರು. ದೊಡ್ಡ ಆಪರೇಷನ್‌ಗೆ ದಿನವೂ ಗೊತ್ತಾಗಿತ್ತು. ಮೊದಲು ಒಂದು ಸಣ್ಣ ಚೂರು ತೆಗೆದು ನೋಡೋಣ ಎಂದು ಹಟ ಹಿಡಿದೆ. ಬಯಾಪ್ಸಿಯಲ್ಲಿ ಬಂದದ್ದು ಟಿಬಿ. ಹೊಟ್ಟೆಯ ಟಿಬಿ ಅಂಡಾಶಯದ ಕ್ಯಾನ್ಸರಿನ ವೇಷ ಹಾಕಿಕೊಂಡು ಬರುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಸರ್ಕಾರದಿಂದ ಉಚಿತವಾಗಿ ಸಿಗುವ ಆರು ತಿಂಗಳ ಮಾತ್ರೆ ತಗೊಂಡು ಗುಣವಾದರು. ಈಗಲೂ ಬುಟ್ಟಿ ಹೊತ್ತು ಬರುತ್ತಾರೆ.

ಟಿಬಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಪಿಐಡಿ ಎಂದರೆ ಪುಸ್ತಕಗಳೆಲ್ಲ ಕ್ಲಮೀಡಿಯಾ ಎನ್ನುತ್ತವೆ. ನಮ್ಮಲ್ಲಿ ಟ್ಯೂಬ್ ಹಾಳು ಮಾಡುವ ದೊಡ್ಡ ಕಾರಣಗಳಲ್ಲಿ ಟಿಬಿಯೂ ಒಂದು. ಶ್ವಾಸಕೋಶದಿಂದ ರಕ್ತದ ಮೂಲಕ ಬಂದು ಹೆಚ್ಚಾಗಿ ಮೊದಲು ಟ್ಯೂಬಿನಲ್ಲೇ ಕೂರುತ್ತದೆ. ಕೆಮ್ಮು, ಕಫ ಏನೂ ಇರಬೇಕೆಂದಿಲ್ಲ. ಮುಟ್ಟು ಕಡಿಮೆಯಾಗುವುದು, ಮಕ್ಕಳಾಗದಿರುವುದು, ಸಂಜೆ ಸಣ್ಣ ಜ್ವರ, ಇಷ್ಟೇ. ಆಂಟಿಬಯೋಟಿಕ್ ಕೊಟ್ಟರೂ ಮಾಯದ ಪಿಐಡಿ ಇದ್ದರೆ ಡಾಕ್ಟರಿಗೆ ಟಿಬಿಯ ನೆನಪು ಮಾಡಿ.

ಈಗ ಎಲ್ಲ ತೆಗೆಸಿಬಿಡಲಾ ಎಂಬ ಪ್ರಶ್ನೆ. ಬಿಳಿ ಸೆರಗು ಹೋದರೆ ಗರ್ಭಕೋಶ ತೆಗೆಸಿ, ನೋವಿದ್ದರೆ ತೆಗೆಸಿ, ಮಕ್ಕಳಾಯಿತಲ್ಲ ಇನ್ನೇಕೆ, ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸುವುದನ್ನು ನಾನು ವರ್ಷಗಟ್ಟಲೆ ಕೇಳುತ್ತಿದ್ದೇನೆ. ಕೇಳಿದಾಗೆಲ್ಲ ಸಂಕಟವಾಗುತ್ತದೆ. ಬೇಡದ ಗರ್ಭಕೋಶ ಆಪರೇಷನ್‌ಗಳು ದೇಶದಲ್ಲಿ ಎಷ್ಟು ಹಬ್ಬಿವೆ ಎಂದರೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ, ಇದನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು ಹೇಳಬೇಕಾಯಿತು. 46ರಲ್ಲಿ ಅಂಡಾಶಯ ತೆಗೆದರೆ ಮುಟ್ಟು ಒಂದೇ ದಿನದಲ್ಲಿ ನಿಲ್ಲುತ್ತದೆ. ಮೈಯೆಲ್ಲ ಬಿಸಿ ಹತ್ತುವುದು, ನಿದ್ದೆ ಬಾರದಿರುವುದು ಬೇಗ ಗೊತ್ತಾಗುತ್ತದೆ. ಬೇಗ ಗೊತ್ತಾಗದೇ ಇರುವುದು ಮೂಳೆ ಸವೆತ, ಹೃದಯದ ಕಾಯಿಲೆ. ಸಾವಿರಕ್ಕೆ ಹತ್ತಿಪ್ಪತ್ತು ಜನರಿಗೆ ಬರುವ ಕಾಯಿಲೆಯ ಭಯಕ್ಕೆ ಹೃದಯವನ್ನು ಒತ್ತೆ ಇಡುವುದು ಸರಿಯಲ್ಲ. ಹಳೆಯ ಸೋಂಕು ಒಂದೇ ಕಾರಣವಾದರೆ ನನ್ನ ಉತ್ತರ ಬೇಡ.

ಆದರೆ ನಿಮ್ಮ ವಿಷಯದಲ್ಲಿ ಅದೊಂದೇ ಅಲ್ಲ. ಅದಕ್ಕೇ ಚಿಕ್ಕಮ್ಮನ ಸಾಲಿಗೆ ಬರುತ್ತೇನೆ ಎಂದಿದ್ದು.

ಅಮ್ಮನ ತಂಗಿಗೆ ಅಂಡಾಶಯದ ಕ್ಯಾನ್ಸರ್. ಅಮ್ಮನ ಅಮ್ಮನಿಗೆ ಎದೆಯ ಗಂಟು. ಇಬ್ಬರೂ ಒಂದೇ ಕಡೆಯವರು. ಬಿಆರ್‌ಸಿಎ ಎಂಬ ಎರಡು ಜೀನುಗಳು ನಮ್ಮೆಲ್ಲರಲ್ಲೂ ಇವೆ. ಡಿಎನ್‌ಎ ಹರಿದಲ್ಲಿ ಹೊಲಿಯುವುದು ಅವುಗಳ ಕೆಲಸ. ಕೆಲವು ಮನೆತನಗಳಲ್ಲಿ ಅವುಗಳಲ್ಲಿ ಒಂದು ಹುಟ್ಟುವಾಗಲೇ ಕೆಟ್ಟಿರುತ್ತದೆ. ಅಂಥವರಲ್ಲಿ ಎದೆಯ ಕ್ಯಾನ್ಸರ್ ಮತ್ತು ಅಂಡಾಶಯದ ಕ್ಯಾನ್ಸರ್ ಎರಡೂ ಜಾಸ್ತಿ. ಬಿಆರ್‌ಸಿಎ-1 ಕೆಟ್ಟಿದ್ದರೆ ನೂರರಲ್ಲಿ ಸುಮಾರು ನಲವತ್ತರಿಂದ ಅರವತ್ತು ಜನರಿಗೆ ಅಂಡಾಶಯದ ಕ್ಯಾನ್ಸರ್ ಬರಬಹುದು. ಬಿಆರ್‌ಸಿಎ-2 ಆದರೆ ಅದಕ್ಕಿಂತ ಕಡಿಮೆ, ಆದರೂ ನೂರಕ್ಕೆ ಹತ್ತಕ್ಕಿಂತ ಮೇಲೆ. ನಾವು ಇಷ್ಟು ಹೊತ್ತು ಮಾತಾಡಿದ್ದು ಸಾವಿರಕ್ಕೆ ಹತ್ತು, ಹನ್ನೆರಡು, ಇಪ್ಪತ್ತು. ಇದು ನೂರಕ್ಕೆ ನಲವತ್ತು. ವ್ಯತ್ಯಾಸ ಕಾಣಿಸಿತಲ್ಲ? ಸೋಂಕಿನ ಚಿಂತೆಯಲ್ಲಿ ಇದನ್ನು ನೀವು ಕೊನೆಯ ಸಾಲಿಗೆ ತಳ್ಳಿದ್ದೀರಿ.

ಹೆದರಬೇಡಿ. ಅಂಡಾಶಯದ ಕ್ಯಾನ್ಸರ್ ಬಂದ ಎಲ್ಲರಲ್ಲೂ ಈ ಜೀನು ಕೆಟ್ಟಿರುವುದಿಲ್ಲ. ಐದು-ಆರು ಜನರಲ್ಲಿ ಒಬ್ಬರಿಗೆ ಇರುತ್ತದೆ. ಆದರೆ ಪರೀಕ್ಷೆಯನ್ನು ಮೊದಲು ಮಾಡಿಸಬೇಕಾದದ್ದು ನಿಮಗಲ್ಲ, ಚಿಕ್ಕಮ್ಮನಿಗೆ. ಕಾಯಿಲೆ ಬಂದವರಲ್ಲಿ ಮೊದಲು ನೋಡಬೇಕು. ಅವರಲ್ಲಿ ದೋಷ ಸಿಕ್ಕರೆ, ಅದೇ ದೋಷ ನಿಮ್ಮ ಅಮ್ಮನಲ್ಲಿ, ನಿಮ್ಮಲ್ಲಿ ಇದೆಯೇ ಎಂದು ನಿಖರವಾಗಿ ಹುಡುಕಬಹುದು. ಅಮ್ಮನಿಗೆ ಬಂದಿರದಿದ್ದರೆ ನಿಮಗೆ ಆ ದೋಷ ಬರುವುದಿಲ್ಲ. ಅಮ್ಮನಲ್ಲಿದ್ದರೂ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕಮ್ಮನಿಗೂ ಇದರಿಂದ ಲಾಭವಿದೆ. ಈ ದೋಷ ಇರುವವರಿಗೆ ಕೀಮೋ ಮುಗಿದ ಮೇಲೆ ಓಲಾಪರಿಬ್ ಎಂಬ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಡಾಶಯದ ಕ್ಯಾನ್ಸರ್ ಬಂದ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಮಾಡಿಸಿ ಎಂದೇ ಈಗಿನ ಸಲಹೆ. ಮಾಡಿದ್ದಾರೋ ಇಲ್ಲವೋ ಕೇಳಿ. ಇಲ್ಲದಿದ್ದರೆ ಅಲ್ಲಿಯ ಕ್ಯಾನ್ಸರ್ ತಜ್ಞರ ಹತ್ತಿರವೇ ಕೇಳಿ. ಮಣಿಪಾಲ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದರ ಬಗ್ಗೆ ಕೂತು ವಿವರಿಸುವ ತಜ್ಞರಿದ್ದಾರೆ.

ನಿಮ್ಮಲ್ಲಿ ದೋಷ ಇದೆ ಎಂದು ಬಂದರೆ ಮಾತು ಪೂರ್ತಿ ಬದಲಾಗುತ್ತದೆ. ಆಗ ನಾನೇ ಟ್ಯೂಬ್, ಅಂಡಾಶಯ ಎರಡೂ ತೆಗೆಸಿ ಎನ್ನುತ್ತೇನೆ. ಬಿಆರ್‌ಸಿಎ-1ಕ್ಕೆ 35ರಿಂದ 40ರ ಒಳಗೆ, ಬಿಆರ್‌ಸಿಎ-2ಕ್ಕೆ 40ರಿಂದ 45ರ ಒಳಗೆ ಎಂಬುದು ಸಲಹೆ. ನೀವು 46. ಆದ್ದರಿಂದ ಚಿಕ್ಕಮ್ಮನ ಪರೀಕ್ಷೆಯನ್ನು ಮುಂದೂಡಬೇಡಿ. ದೋಷ ಸಿಗಲಿಲ್ಲ ಎಂದಾದರೆ ನಿಮ್ಮ ಅಂಡಾಶಯ ನಿಮ್ಮಲ್ಲೇ ಇರಲಿ. ಮುಂದೆ ಎಂದಾದರೂ ಬೇರೆ ಕಾರಣಕ್ಕೆ, ಫೈಬ್ರಾಯ್ಡಿಗೋ ಆ ನೀರು ತುಂಬಿದ ಟ್ಯೂಬ್ ಜಾಸ್ತಿ ನೋವು ಕೊಟ್ಟಿತೆಂದೋ, ಹೊಟ್ಟೆ ಆಪರೇಷನ್ ಆಗಬೇಕಾದರೆ ಆಗ ಒಂದು ಮಾತು ಕೇಳಿ. ಎರಡೂ ಟ್ಯೂಬ್ ತೆಗೆದು ಅಂಡಾಶಯ ಉಳಿಸಲು ಆಗುತ್ತದೆಯೇ ಎಂದು. ಕ್ಯಾನ್ಸರ್ ಹುಟ್ಟುವುದು ಟ್ಯೂಬಿನ ಕುಚ್ಚಿನಲ್ಲಿ ಎಂದೆನಲ್ಲ, ಅದರಿಂದ ಬಂದ ಯೋಚನೆ ಇದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ ಹೀಗೆ ಮಾಡುತ್ತಿದ್ದಾರೆ. ಇದುವರೆಗೆ ಬಂದ ಫಲಿತಾಂಶ ಆಶಾದಾಯಕವಾಗಿದೆ. ಹಾರ್ಮೋನು ಹೋಗುವುದಿಲ್ಲ, ಮುಟ್ಟು ತನ್ನ ಸಮಯಕ್ಕೆ ನಿಲ್ಲುತ್ತದೆ.

ಕ್ಯಾನ್ಸರಿನ ಸುದ್ದಿಯ ಗದ್ದಲದಲ್ಲಿ ಪಿಐಡಿಯ ನಿಜವಾದ ಹಾನಿ ಮರೆತುಹೋಗುತ್ತದೆ. ಅದು ನಿಮಗಿಂತ ನಿಮ್ಮ ಮಗಳ ವಯಸ್ಸಿನವರಿಗೆ ಮುಖ್ಯ. ಸ್ವೀಡನ್ನಿನ ಲುಂಡ್ ಎಂಬ ಊರಿನಲ್ಲಿ ಇಂತಹ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದರು. ಒಂದು ಸಲ ಸೋಂಕಾದವರಲ್ಲಿ ನೂರಕ್ಕೆ 8 ಜನರಿಗೆ ಟ್ಯೂಬ್ ಕೆಟ್ಟು ಮಕ್ಕಳಾಗಲಿಲ್ಲ. ಎರಡು ಸಲ ಆದರೆ ಸುಮಾರು 20. ಮೂರು ಸಲ ಆದರೆ 40. ಟ್ಯೂಬಿನಲ್ಲೇ ಬಸಿರು ನಿಂತು ಜೀವಕ್ಕೆ ಬರುವುದೂ ಇವರಲ್ಲೇ ಹೆಚ್ಚು. ನೋವು ಶುರುವಾದ ಎರಡು-ಮೂರು ದಿನದೊಳಗೆ ಔಷಧಿ ಶುರುವಾದರೆ ಈ ಹಾನಿ ಬಹಳ ಕಡಿಮೆ.

ನಮ್ಮ ಕಡೆ ಹೆಂಗಸರು ಬಂದಾಗ ಎರಡು-ಮೂರು ವಾರ ದಾಟಿರುತ್ತದೆ. ಉಷ್ಣ ಆಗಿದೆ ಎಂದು ಎಳನೀರು, ಜೀರಿಗೆ ಕಷಾಯ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಮೂರು ದಿನದ ಮಾತ್ರೆ. ನೋವು ತಗ್ಗುತ್ತದೆ, ಸೋಂಕು ತಗ್ಗುವುದಿಲ್ಲ. ಪಿಐಡಿಯ ಔಷಧಿ 14 ದಿನ. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಇದಕ್ಕೆಂದೇ ಹಳದಿ ಬಣ್ಣದ ಕಿಟ್ ಉಚಿತವಾಗಿ ಕೊಡುತ್ತಾರೆ. ಅದರಲ್ಲಿರುವ ಡಾಕ್ಸಿಸೈಕ್ಲಿನ್ ಹೊಟ್ಟೆ ತೊಳಸುತ್ತದೆ ಎಂದು ಅರ್ಧಕ್ಕೇ ಬಿಟ್ಟವರನ್ನು ತುಂಬ ನೋಡಿದ್ದೇನೆ. ಗಂಜಿ ಊಟವಾದ ಮೇಲೆ ತಗೊಳ್ಳಿ, ಒಂದು ದೊಡ್ಡ ಲೋಟ ನೀರು ಕುಡಿಯಿರಿ, ಅರ್ಧ ಗಂಟೆ ಮಲಗಬೇಡಿ. ಆಗ ತೊಳಸುವುದು ಕಡಿಮೆಯಾಗುತ್ತದೆ. ಗಂಡನಿಗೂ ಔಷಧಿ ಆಗಬೇಕು, ಇಲ್ಲದಿದ್ದರೆ ಅದೇ ಸೋಂಕು ಮರಳಿ ಬರುತ್ತದೆ. ಒಳಗೆ ಔಷಧಿ ನೀರು ಹಾಕಿ ತೊಳೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಚ್ಚಿಹೋಗಿ ಕೆಟ್ಟವಕ್ಕೆ ಜಾಗವಾಗುತ್ತದೆ.

ನೀವು ಗಮನ ಇಡಬೇಕಾದದ್ದು ಅಂಡಾಶಯದ ಕ್ಯಾನ್ಸರಿನ ಈ ಲಕ್ಷಣಗಳ ಮೇಲೆ. ಹೊಟ್ಟೆ ಉಬ್ಬರಿಸಿ ಸೀರೆಯ ನೆರಿಗೆ ಬಿಗಿಯಾಗುವುದು, ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಇವು ಯಾರಿಗಾದರೂ ಒಂದೆರಡು ದಿನ ಬರುತ್ತವೆ. ಹೊಸದಾಗಿ ಶುರುವಾಗಿ ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಜಾಸ್ತಿ ಇದ್ದರೆ ಸ್ಕ್ಯಾನಿಂಗ್ ಆಗಬೇಕು. ಆಗ ಸಿಎ-125 ಕೂಡ ಸರಿ. ಸಿದ್ದಾಪುರ ಕಡೆಯ 58ರ ಅಮ್ಮ ಒಬ್ಬರು ಐದು ತಿಂಗಳು ಗ್ಯಾಸ್ ಎಂದು ಓಮದ ನೀರು, ಗುಳಿಗೆ ತಗೊಂಡು ಬಂದಿದ್ದರು. ಬರುವಾಗ ಮೂರನೇ ಹಂತ ಆಗಿತ್ತು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಗ್ಯಾಸನ್ನು ಗ್ಯಾಸ್ ಎಂದು ಬಿಡಬೇಡಿ.

ಇನ್ನೊಂದು ಮಾತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರೆ, ಅಂಡಾಶಯದ್ದು ಬೇರೆ. ಬಾಯಿಯದ್ದು ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಅದಕ್ಕೆ ಪರೀಕ್ಷೆ ಇದೆ, ಮೊದಲೇ ಸಿಗುತ್ತದೆ, ವಾಸಿಯಾಗುತ್ತದೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಉಚಿತ. ಅದು ಮಾಡಿಸಿದ್ದರ ಬಗ್ಗೆ ನೀವು ಬರೆದಿಲ್ಲ. ಮಾಡಿಸಿಲ್ಲದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸಿಎ-125ಕ್ಕೆ ಎತ್ತಿಟ್ಟ ದುಡ್ಡೂ ಉಳಿಯುತ್ತದೆ.

ಚಿಕ್ಕಮ್ಮನ ಮುಂದಿನ ಕೀಮೋ ಯಾವತ್ತು? ಆ ದಿನ ಜೊತೆಗೆ ನೀವೂ ಹೋಗಿ, ಯಜಮಾನರನ್ನೂ ಕರೆದುಕೊಂಡು ಹೋಗಿ. ಬಯಾಪ್ಸಿ ರಿಪೋರ್ಟಿನ ಒಂದು ಜೆರಾಕ್ಸ್ ತಗೊಳ್ಳಿ. ಯಾವ ಬಗೆಯ ಕ್ಯಾನ್ಸರ್ ಎಂದು ಅದರಲ್ಲಿ ಇರುತ್ತದೆ. ಅಜ್ಜಿಗೆ ಎದೆಯ ಗಂಟು ಎಷ್ಟನೇ ವಯಸ್ಸಿನಲ್ಲಿ ಬಂತು ಎಂದು ಅಮ್ಮನನ್ನು ಕೇಳಿ ಬರೆದುಕೊಳ್ಳಿ. ಅಜ್ಜಿಯ ಅಕ್ಕತಂಗಿಯರು, ಸೋದರಮಾವಂದಿರು, ಅವರ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಇತ್ತೇ ಎಂದೂ ಕೇಳಿ. ಆ ಕಾಗದ, ಈ ಸಲದ ಸ್ಕ್ಯಾನಿಂಗ್ ರಿಪೋರ್ಟ್ ಎರಡನ್ನೂ ಹಿಡಿದುಕೊಂಡು ನಿಮ್ಮ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.